ಹತ್ತುವ ಮುನ್ನ ಇಳಿಯುವ ಪಾಠ

ಹಿಮಾಲಯದ ತರಬೇತಿ ಶಿಬಿರಕ್ಕೆ ಮಗಳಿಗೆ ಪ್ರವೇಶ ದೊರೆತಿದೆಯೆಂಬ ಸುದ್ದಿ ಬಂದ ದಿನ, ಮಧ್ಯಮವರ್ಗದ ಯಾವ ಮನೆಯಲ್ಲೇ ಆಗಲಿ, ಸಂತೋಷಕ್ಕಿಂತ ಮೊದಲು ಹೊಸಿಲು ದಾಟಿ ಒಳಬರುವುದು ಅಂಜಿಕೆ. ತಂದೆ ಖರ್ಚಿನ ಲೆಕ್ಕ ಕೇಳುತ್ತಾರೆ. ತಾಯಿ ಚಳಿಯ ಮಾತೆತ್ತುತ್ತಾಳೆ. ಅಲ್ಲಿ ಹೊತ್ತಿಗೆ ಸರಿಯಾಗಿ ಅನ್ನ ಸಿಕ್ಕೀತೆ ಎಂದು ವಿಚಾರಿಸುತ್ತಾಳೆ. ಪಡಸಾಲೆಯ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತ ಅಜ್ಜಿ ಮಾತ್ರ ನೇರವಾಗಿ ಮರ್ಮಕ್ಕೇ ಕೈಹಾಕುತ್ತಾಳೆ: “ಅಷ್ಟೆತ್ತರದಲ್ಲಿ ಕಾಲು ಜಾರಿದರೆ ನಿನ್ನನ್ನು ಹಿಡಿದುಕೊಳ್ಳೋರು ಯಾರೇ, ಪುಟ್ಟಿ?”

ಮೊಮ್ಮಗಳು ನಕ್ಕುಬಿಡಬಹುದು. ಆದರೆ ಅಜ್ಜಿಯ ಪ್ರಶ್ನೆ ನಕ್ಕು ಮರೆಯುವಂಥದಲ್ಲ. ಪರ್ವತಾರೋಹಣದ ಪ್ರಾರಂಭಿಕ ಶಿಕ್ಷಣವೆಂಬುದು ಆ ಒಂದು ಪ್ರಶ್ನೆಗೆ ಇಪ್ಪತ್ತೆಂಟು ದಿನಗಳ ಕಾಲ ಕೊಡುವ ಉತ್ತರವೇ ಆಗಿದೆ.

ಭಾರತದಲ್ಲಿ ಈ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿಸುವ ಏರ್ಪಾಡು ಪ್ರಾರಂಭವಾದುದು ಡಾರ್ಜಿಲಿಂಗಿನಲ್ಲಿ. 1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟಿನ ನೆತ್ತಿಯ ಮೇಲೆ ನಿಂತರು. ಮರುವರ್ಷ, 1954ರ ನವೆಂಬರ್ 4ರಂದು, ಹಿಮಾಲಯ ಪರ್ವತಾರೋಹಣ ಸಂಸ್ಥೆಯನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಆರಂಭಿಸಿದರು. ಮೇಜರ್ ನರೇಂದ್ರ ಧರ್ ಜಯಾಲ್ ಅದರ ಮೊದಲ ಪ್ರಾಂಶುಪಾಲರಾದರು. ತೇನ್‌ಸಿಂಗ್ ಕ್ಷೇತ್ರ ಶಿಕ್ಷಣದ ಮೊದಲ ನಿರ್ದೇಶಕರಾದರು. ಓದುಬರಹದ ಶಾಲೆಯನ್ನು ಕಾಣದ ಶೆರ್ಪಾ ಒಬ್ಬ ಶಾಲೆಯೊಂದರ ಗುರುವಾದ ಅಪರೂಪದ ಪ್ರಸಂಗ ಅದು. ಅಲ್ಲಿಂದೀಚೆಗೆ ಮನಾಲಿಯಲ್ಲಿಯೂ, 1965ರಲ್ಲಿ ಉತ್ತರಕಾಶಿಯಲ್ಲಿಯೂ ಇಂತಹ ಸಂಸ್ಥೆಗಳು ತಲೆಯೆತ್ತಿದವು. ಪಾಠಕ್ರಮದ ತಿರುಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಮೊದಲು ಬಂಡೆ, ಅನಂತರ ಹಿಮ, ಕೊನೆಗೆ ಮಂಜುಗಡ್ಡೆ. ಈ ಮೂರಕ್ಕೂ ಮುನ್ನ, ಹಗ್ಗ.

ಡಾರ್ಜಿಲಿಂಗಿಗೆ ಬಂದಿಳಿದ ಹುಡುಗಿಗೆ ಮೊದಲ ದಿನಗಳಲ್ಲಿ ನಿರಾಶೆಯೇ ಆಗುವುದುಂಟು. ಕಾಂಚನಗಂಗೆ ದೂರದಲ್ಲಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಕೈಯಲ್ಲಿರುವುದು ಮಾತ್ರ ಹಗ್ಗದ ಒಂದು ತುಂಡು. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ವ್ಯಾಯಾಮ, ಓಟ. ಬೆನ್ನಿಗೆ ಚೀಲವೇರಿಸಿ ಏರುದಾರಿಯಲ್ಲಿ ನಡಿಗೆ. ಮಧ್ಯಾಹ್ನ ಗಂಟು ಕಟ್ಟುವ ಅಭ್ಯಾಸ. ಎಂಟರ ಅಂಕಿಯಂತೆ ಸುತ್ತಿ ಬರುವ ಗಂಟು. ಎಳೆದಷ್ಟೂ ಬಿಗಿಯಾಗದೆ ಒಂದೇ ಅಳತೆಯಲ್ಲಿ ನಿಲ್ಲುವ ಬೌಲೈನ್ ಕುಣಿಕೆ. ಆಸ್ಟ್ರಿಯದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚುರಪಡಿಸಿದ, ಭಾರ ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿದು, ಭಾರ ತೆಗೆದಾಗ ಮೇಲಕ್ಕೆ ಸರಿಯುವ ಗಂಟು. ಇವನ್ನು ಒಮ್ಮೆ ಕಟ್ಟಿ ತೋರಿಸಿದರೆ ಸಾಲದು. ಕಣ್ಣು ಮುಚ್ಚಿ ಕಟ್ಟಬೇಕು, ಕೈಚೀಲ ತೊಟ್ಟು ಕಟ್ಟಬೇಕು, ಬೆನ್ನ ಹಿಂದೆ ಕೈಯಿಟ್ಟೂ ಕಟ್ಟಬೇಕು. ಬೆರಳು ಮರಗಟ್ಟಿ, ಮಂಜು ಕವಿದು, ಬುದ್ಧಿ ಮಂಕಾದ ಹೊತ್ತಿನಲ್ಲಿ ಗಂಟು ಹಾಕಬೇಕಾಗಿ ಬಂದಾಗ ನೆನಪು ಕೈಕೊಡುತ್ತದೆ. ಬೆರಳಿನ ಅಭ್ಯಾಸ ಕೈಕೊಡುವುದಿಲ್ಲ.

ಗಂಟು ಹಾಕಿದ ಮೇಲೆ ಅದನ್ನು ಇನ್ನೊಬ್ಬರು ನೋಡಬೇಕೆಂಬುದು ಎರಡನೆಯ ನಿಯಮ. ಎಷ್ಟೇ ನುರಿತವರಾಗಲಿ, ತಮ್ಮ ಗಂಟನ್ನು ಜೊತೆಗಾರರ ಕಣ್ಣಿಗೆ ಒಪ್ಪಿಸದೆ ಬಂಡೆಗೆ ಕೈಹಚ್ಚುವಂತಿಲ್ಲ. ಮನೆಯಲ್ಲಿ ‘ನನಗೆ ಗೊತ್ತು’ ಎಂದು ಮುಖ ತಿರುಗಿಸಿ ಅಭ್ಯಾಸವಾದ ಎಳೆಯರಿಗೆ ಇದು ಮೊದಮೊದಲು ಅವಮಾನವೆನಿಸುವುದು ಸಹಜ. ಆದರೆ ಬೆಟ್ಟದಲ್ಲಿ ತಪ್ಪು ಮಾಡುವವರು ಹೊಸಬರು ಮಾತ್ರವೇ ಅಲ್ಲ. ಬಳಕೆಯಿಂದ ಬಂದ ಉದಾಸೀನವೂ ಗಂಟನ್ನು ಅರ್ಧಕ್ಕೆ ಬಿಡಿಸುತ್ತದೆ.

ಅನಂತರದ್ದು ಬಂಡೆಯ ಪಾಠ. ಡಾರ್ಜಿಲಿಂಗಿನ ಲೆಬೊಂಗ್ ದಾರಿಯಲ್ಲಿ ತೇನ್‌ಸಿಂಗರ ಹೆಸರಿನ ಬಂಡೆಯೊಂದುಂಟು. ಅದಕ್ಕೆ ಎದುರಾಗಿ ಅವರ ಬಂಧು, ಎವರೆಸ್ಟನ್ನು ಎರಡು ಬಾರಿ ಏರಿದ ನವಾಂಗ್ ಗೊಂಬು ಅವರ ಹೆಸರಿನದು. ಅಲ್ಲಿ ಕಲಿಯುವ ಮೂಲಸೂತ್ರ ಸರಳವಾಗಿದೆ: ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಸದಾ ಬಂಡೆಯನ್ನು ಹಿಡಿದಿರಬೇಕು, ಒಂದು ಮಾತ್ರ ಚಲಿಸಬೇಕು. ಹೊಸಬರು ಬಂಡೆಯನ್ನು ತಬ್ಬಿಕೊಂಡು ತೋಳಬಲದಿಂದ ಮೇಲೇರಲು ಹೋಗಿ ಹತ್ತು ಅಡಿಯಲ್ಲೇ ಸೋತುಹೋಗುತ್ತಾರೆ. ಭಾರವನ್ನು ಹೊರಬೇಕಾದುದು ಕಾಲು. ಕೈಯ ಕೆಲಸ ಸಮತೋಲ ಕಾಯುವುದಷ್ಟೇ. ಏಣಿ ಹತ್ತುವಾಗ ಯಾರೂ ಕೈಯಲ್ಲಿ ನೇತಾಡುವುದಿಲ್ಲವಷ್ಟೆ? ಬಂಡೆಯೂ ಹಾಗೆಯೇ, ಮೆಟ್ಟಿಲುಗಳು ಕಣ್ಣಿಗೆ ಬೀಳದ ಏಣಿ.

ಒಬ್ಬಳು ಹತ್ತುತ್ತಿರುವಾಗ ಮತ್ತೊಬ್ಬಳು ಕೆಳಗೆ ನಿಂತು ಅವಳ ಹಗ್ಗವನ್ನು ಕಾಯುತ್ತಾಳೆ. ಇದಕ್ಕೆ ಬಿಲೇ ಎಂದು ಹೆಸರು. ತರಬೇತಿಯ ಜೀವಾಳ ಇದೇ. ಹಗ್ಗ ತೀರ ಬಿಗಿಯಾದರೆ ಹತ್ತುವವಳಿಗೆ ಅಡ್ಡಿ. ತೀರ ಸಡಿಲವಾದರೆ ಜಾರಿದಾಗ ದೂರ ಬೀಳುತ್ತಾಳೆ. ಕಾಯುವವಳು ಆಕಳಿಸುವಂತಿಲ್ಲ, ಪಕ್ಕದವರೊಡನೆ ಹರಟುವಂತಿಲ್ಲ, ಹಗ್ಗದಿಂದ ಕೈ ತೆಗೆಯುವಂತಿಲ್ಲ. ಮೇಲಿನವಳು ತಾನು ಭದ್ರವಾಗಿ ನಿಂತೆನೆಂದು ಕೂಗಿ ಹೇಳುವವರೆಗೆ ಆ ಪ್ರಾಣ ಇವಳ ಅಂಗೈಯಲ್ಲಿರುತ್ತದೆ. ಮನೆಯಲ್ಲಿ ಎಲ್ಲರಿಗೂ ಕಿರಿಯಳಾಗಿ, ಎಲ್ಲರ ಕಾಪಿನಲ್ಲಿ ಬೆಳೆದ ಹುಡುಗಿಗೆ, ಇನ್ನೊಂದು ಜೀವದ ಹೊಣೆ ಹೊರುವ ಅನುಭವ ಬಹುಶಃ ಅಲ್ಲಿಯೇ ಮೊದಲನೆಯದು.

ಈ ನಿಯಮಗಳು ಹೇಗೆ ಹುಟ್ಟಿದವು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಎಂಬ ಇಂಗ್ಲಿಷ್ ತರುಣನೂ ಅವನ ಆರು ಮಂದಿ ಸಂಗಡಿಗರೂ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವನ್ನು ಮೊಟ್ಟಮೊದಲಿಗೆ ಏರಿದರು. ಏರಿದ್ದು ಏಳು ಜನ. ಊರಿಗೆ ಮರಳಿದ್ದು ಮೂವರು. ಇಳಿಯುವಾಗ ಅನನುಭವಿಯಾದ ಒಬ್ಬನ ಕಾಲು ಜಾರಿತು. ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ಇನ್ನು ಮೂವರನ್ನು ಅವನು ತನ್ನೊಡನೆ ಎಳೆದುಕೊಂಡ. ನಾಲ್ಕನೆಯವನಿಗೂ ಐದನೆಯವನಿಗೂ ನಡುವೆ ಹಗ್ಗ ತುಂಡಾಯಿತು. ನಾಲ್ವರೂ ಪ್ರಪಾತದ ಪಾಲಾದರು. ತುಂಡಾದ ಆ ಭಾಗ, ತಂಡದ ಬಳಿ ಇದ್ದ ಹಗ್ಗಗಳಲ್ಲೆಲ್ಲ ಹಳೆಯದೂ ದುರ್ಬಲವೂ ಆದದ್ದೆಂದು ಆಮೇಲೆ ತಿಳಿದುಬಂದಿತು. ಒಳ್ಳೆಯ ಹಗ್ಗ ಅವರ ಬಳಿಯಲ್ಲಿ ಇತ್ತು! ಇಂದಿನ ಶಿಕ್ಷಕರು ಹಗ್ಗವನ್ನು ತುಳಿದ ವಿದ್ಯಾರ್ಥಿಯನ್ನು ಗದರಿಸುವುದರ ಹಿಂದೆ, ಪ್ರತಿದಿನವೂ ಹಗ್ಗವನ್ನು ಗೇಣುಗೇಣಾಗಿ ಬೆರಳಲ್ಲಿ ತಡವಿ ನೋಡುವುದರ ಹಿಂದೆ ಇಂತಹ ಎಷ್ಟೋ ಸಾವುಗಳ ಪಾಠವಿದೆ. ಅಂದಿನ ನಾರಿನ ಹಗ್ಗಗಳ ಸ್ಥಾನದಲ್ಲಿ ಇಂದು ನೈಲಾನ್ ಹಗ್ಗ ಬಂದಿದೆ. ಬಿದ್ದವರ ಭಾರಕ್ಕೆ ಅದು ತುಸು ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆದರೆ ಹಗ್ಗದ ಯೋಗ್ಯತೆ ಎಷ್ಟಿದ್ದರೂ ಅದನ್ನು ಕಾಯುವ ಕೈಯ ಯೋಗ್ಯತೆಯನ್ನು ಮೀರದು.

ಬಂಡೆಯ ಪಾಠ ಮುಗಿದ ಮೇಲೆ ಶಿಬಿರ ಸಿಕ್ಕಿಮಿಗೆ ಹೊರಡುತ್ತದೆ. ಯುಕ್ಸೊಮ್ ಎಂಬ ಹಳ್ಳಿಯವರೆಗೆ ವಾಹನ. ಅಲ್ಲಿಂದ ಮುಂದೆ ಕಾಲೇ ಗತಿ. ದಟ್ಟವಾದ ಕಾಡು, ತೂಗುಸೇತುವೆಗಳು, ರೋಡೋಡೆಂಡ್ರನ್ ಮರಗಳ ತೋಪು, ಬಕ್ಖಿಮ್, ಜೊಂಗ್ರಿ. ಹೀಗೆ ಏರುತ್ತ ಹೋದರೆ 14,600 ಅಡಿ ಎತ್ತರದ ಚೌರಿಖಾಂಗ್ ನೆಲೆ. ಕಬ್ರು, ರಾಥೊಂಗ್ ಮೊದಲಾದ ಶಿಖರಗಳು ಸುತ್ತ ನಿಂತಿರುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ನೆತ್ತಿಯೂ 6,300 ಅಡಿ ಚಿಲ್ಲರೆ. ಅದಕ್ಕೂ ಎರಡು ಪಾಲು ಮೀರಿದ ಎತ್ತರದಲ್ಲಿ ಡೇರೆ ಹಾಕಿ ಮಲಗಬೇಕು.

ಎತ್ತರ ಹೆಚ್ಚಿದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಪಾಲು ಎಲ್ಲೆಡೆಯೂ ಒಂದೇ, ನೂರಕ್ಕೆ ಇಪ್ಪತ್ತೊಂದು. ಕಡಿಮೆಯಾಗುವುದು ಗಾಳಿಯ ಒತ್ತಡ. ಚೌರಿಖಾಂಗಿನ ಎತ್ತರದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಸುಮಾರು ಐದರಲ್ಲಿ ಮೂರು ಪಾಲು ಮಾತ್ರ. ಎಂದರೆ ಪ್ರತಿ ಉಸಿರಿಗೂ ದೊರೆಯುವ ಪ್ರಾಣವಾಯು ಅಷ್ಟೇ ಕಡಿಮೆ. ದೇಹ ಈ ಬಡತನಕ್ಕೆ ಒಗ್ಗಿಕೊಳ್ಳಬಲ್ಲುದು. ಆದರೆ ಅದಕ್ಕೆ ದಿನಗಳು ಬೇಕು. ಆದಕಾರಣ ಹತ್ತು ಸಾವಿರ ಅಡಿ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನವೊಂದಕ್ಕೆ ಒಂದೂವರೆ ಸಾವಿರ ಅಡಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ತಂಗಬೇಕು ಎಂದು ವೈದ್ಯರು ಹೇಳುತ್ತಾರೆ. ಹಗಲಲ್ಲಿ ಎತ್ತರಕ್ಕೆ ಹೋಗಿ, ರಾತ್ರಿ ತಗ್ಗಿಗೆ ಬಂದು ಮಲಗುವುದು ಬೆಟ್ಟದವರ ಹಳೆಯ ಜಾಣತನ.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಇವು ಎತ್ತರದ ಕಾಯಿಲೆಯ ಮೊದಲ ಸೂಚನೆಗಳು. ಇವು ಕಂಡಾಗ ಮೇಲೆ ಹೋಗದೆ ನಿಲ್ಲಬೇಕು. ಹೆಚ್ಚಿದರೆ ತಡಮಾಡದೆ ಕೆಳಗಿಳಿಯಬೇಕು. ಅಲಕ್ಷಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಊದಿಕೊಳ್ಳಬಹುದು, ಎರಡೂ ಪ್ರಾಣಾಂತಿಕ. ದೇಹದಾರ್ಢ್ಯಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಕಾಲೇಜಿನ ಓಟದಲ್ಲಿ ಬಹುಮಾನ ಪಡೆದವನು ಮಲಗಿಬಿಡಬಹುದು. ಬಡಕಲು ಗುಮಾಸ್ತೆಯೊಬ್ಬ ಆರಾಮವಾಗಿ ಚಹಾ ಕುಡಿಯುತ್ತಿರಬಹುದು. ಇಲ್ಲಿ ಅಪಾಯಕಾರಿಯಾದುದು ತಲೆನೋವಲ್ಲ, ಅದನ್ನು ಮುಚ್ಚಿಡುವ ಸ್ವಭಾವ. ಎಲ್ಲಿ ತನ್ನನ್ನು ಕೆಳಗೆ ಕಳಿಸಿಬಿಡುವರೋ ಎಂಬ ಭಯದಿಂದ ‘ಏನೂ ಇಲ್ಲ, ಚೆನ್ನಾಗಿದ್ದೇನೆ’ ಎನ್ನುವವರುಂಟು. ಅಂತಹವರು ತಮ್ಮನ್ನು ಮಾತ್ರವಲ್ಲ, ನಾಳೆ ತಮ್ಮನ್ನು ಹೊತ್ತು ಇಳಿಸಬೇಕಾದ ಸಂಗಡಿಗರನ್ನೂ ಅಪಾಯಕ್ಕೊಡ್ಡುತ್ತಾರೆ. ಬೆಟ್ಟದಲ್ಲಿ ಸತ್ಯ ಹೇಳುವುದು ನೀತಿಯಷ್ಟೇ ಅಲ್ಲ, ಔಷಧವೂ ಹೌದು.

ನೆಲೆಯಿಂದ ಮೇಲೆ ರಾಥೊಂಗ್ ಹಿಮನದಿ. ಇಲ್ಲಿ ಬೂಟಿನ ಅಡಿಗೆ ಉಕ್ಕಿನ ಮುಳ್ಳುಗಳ ಕ್ರ್ಯಾಂಪಾನ್ ಕಟ್ಟಿಕೊಂಡು, ಕೈಯಲ್ಲಿ ಹಿಮಗೊಡಲಿ ಹಿಡಿದು, ನಡೆಯುವುದನ್ನೇ ಎಳೆಯ ಮಗುವಿನಂತೆ ಮತ್ತೆ ಕಲಿಯಬೇಕು. ಕಾಲುಗಳನ್ನು ತುಸು ಅಗಲಿಸಿ ಇಡದಿದ್ದರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಷರಾಯಿಗೆ ಸಿಕ್ಕಿಕೊಂಡು ಮುಗ್ಗರಿಸುವುದು ಖಂಡಿತ. ಇದಾದ ಮೇಲೆ ನಡೆಯುವ ಪಾಠವನ್ನು ನೋಡಿದರೆ ಮನೆಯವರು ಗಾಬರಿಯಾದಾರು: ವಿದ್ಯಾರ್ಥಿಗಳನ್ನು ಹಿಮದ ಇಳಿಜಾರಿನಲ್ಲಿ ಬೇಕೆಂದೇ ಜಾರಿಬೀಳಿಸುತ್ತಾರೆ! ಕೆಳಗೆ ಅಪಾಯವಿಲ್ಲದ ಜಾಗವನ್ನು ಆರಿಸಿಕೊಂಡು, ಬೆನ್ನ ಮೇಲೆ, ಹೊಟ್ಟೆಯ ಮೇಲೆ, ತಲೆ ಕೆಳಗಾಗಿ, ಹೀಗೆ ಬಗೆಬಗೆಯಾಗಿ ಬೀಳಬೇಕು. ಬಿದ್ದೊಡನೆ ಹೊರಳಿ, ಕೊಡಲಿಯನ್ನು ಎದೆಗೆ ಅಡ್ಡಲಾಗಿ ಹಿಡಿದು, ಅದರ ಕೊಕ್ಕನ್ನು ಹಿಮದೊಳಕ್ಕೆ ಒತ್ತಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಲ್ಲಬೇಕು. ಜಾರುವ ವೇಗ ಹೆಚ್ಚಿದ ಮೇಲೆ ನಿಲ್ಲುವುದು ಕಷ್ಟ. ಮೊದಲ ಕ್ಷಣದಲ್ಲೇ ಆಗಬೇಕು. ಆದುದರಿಂದಲೇ ಮೈ ತಾನಾಗಿ ಹೊರಳುವವರೆಗೂ ಹತ್ತಾರು ಸಾರಿ ಬೀಳಿಸುವುದು.

ಹಿಮನದಿಯ ಮತ್ತೊಂದು ಕಂಟಕ ಅದರ ಬಿರುಕುಗಳು. ಮೇಲೆ ತೆಳ್ಳಗೆ ಹಿಮ ಮುಚ್ಚಿ, ಒಳಗೆ ಬಾವಿಯಂತೆ ಆಳವಾಗಿರುವ ಈ ಬಿರುಕುಗಳಿರುವ ಕಡೆ ಒಬ್ಬೊಬ್ಬರೇ ನಡೆಯುವುದು ಸಲ್ಲದು. ಹಗ್ಗದಲ್ಲಿ ಒಬ್ಬರಿಗೊಬ್ಬರು ಕಟ್ಟಿಕೊಂಡು ಅಂತರ ಬಿಟ್ಟು ನಡೆಯಬೇಕು. 1953ರ ಎವರೆಸ್ಟ್ ಯಾತ್ರೆಯ ಮೊದಲ ಹಂತದಲ್ಲಿ, ಖುಂಬು ಹಿಮಪ್ರಪಾತದಿಂದ ಇಳಿಯುತ್ತಿದ್ದಾಗ, ಹಿಲರಿ ನೆಗೆದು ಕಾಲಿಟ್ಟ ಹಿಮದ ಅಂಚು ಕಳಚಿ ಅವರು ಬಿರುಕಿನೊಳಕ್ಕೆ ಬಿದ್ದರು. ಹಿಂದಿದ್ದ ತೇನ್‌ಸಿಂಗ್ ಕಣ್ಣೆವೆ ಬಡಿಯುವಷ್ಟರಲ್ಲಿ ಕೊಡಲಿಯನ್ನು ಹಿಮಕ್ಕೆ ನೆಟ್ಟು ಹಗ್ಗವನ್ನು ಅದಕ್ಕೆ ಸುತ್ತಿ ತಡೆದರು. ಜಗತ್ತು ಮುಂದೆ ಕೊಂಡಾಡಿದ ಆ ಜೋಡಿ ಒಂದಾದುದು ಶಿಖರದ ಮೇಲಲ್ಲ, ಆ ಬಿರುಕಿನ ಅಂಚಿನಲ್ಲಿ.

ಅದೇ ವರ್ಷ ಆಗಸ್ಟ್ 10ರಂದು, ಜಗತ್ತಿನ ಎರಡನೆಯ ಎತ್ತರದ ಶಿಖರವಾದ ಕೆ-2ರ ಮೇಲೆ ಇದಕ್ಕಿಂತಲೂ ಅದ್ಭುತವಾದ ಘಟನೆ ನಡೆಯಿತು. ಅಮೆರಿಕದ ತಂಡವೊಂದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ನಡೆಯಲಾರದಾಗಿದ್ದ ಆರ್ಟ್ ಗಿಲ್ಕಿ ಎಂಬ ಸಂಗಡಿಗನನ್ನು ಬಿರುಗಾಳಿಯಲ್ಲಿ ಕೆಳಗಿಳಿಸುತ್ತಿತ್ತು. ಒಬ್ಬನ ಕಾಲು ಜಾರಿತು. ಹಗ್ಗಗಳು ತೊಡಕಿಕೊಂಡು ಐವರು ಉರುಳಿದರು. ಮೇಲೆ ನಿಂತು ಗಿಲ್ಕಿಯ ಹಗ್ಗವನ್ನು ಕಾಯುತ್ತಿದ್ದ ಪೀಟ್ ಶೋನಿಂಗ್ ಎಂಬ ತರುಣ, ಬಂಡೆಯೊಂದರ ಹಿಂದೆ ಸಿಕ್ಕಿಸಿದ್ದ ಹಿಮಗೊಡಲಿಯ ಆಧಾರದಿಂದ, ಬಿದ್ದ ಐವರನ್ನೂ ರೋಗಿಯನ್ನೂ ಒಬ್ಬನೇ ತಡೆದು ನಿಲ್ಲಿಸಿದ. ಗಿಲ್ಕಿ ಆ ದಿನವೇ ಪರ್ವತದ ಪಾಲಾದರೂ ಉಳಿದವರೆಲ್ಲ ಮನೆಗೆ ಮರಳಿದರು. ಶೋನಿಂಗ್ ಮಾಡಿದ್ದೇನು? ಪ್ರಾರಂಭಿಕ ತರಬೇತಿಯಲ್ಲಿ ಪ್ರತಿಯೊಬ್ಬರಿಗೂ ಕಲಿಸುವುದನ್ನೇ: ಹಗ್ಗದಿಂದ ಕೈ ತೆಗೆಯಲಿಲ್ಲ.

ಇಷ್ಟೆಲ್ಲ ಕಲಿತ ಮೇಲೂ ಒಂದು ಪಾಠ ಉಳಿದಿರುತ್ತದೆ. ಅದು ಎಲ್ಲಕ್ಕಿಂತ ಕಹಿಯಾದದ್ದು. ಹಿಂದಿರುಗುವ ಪಾಠ. ಡಾರ್ಜಿಲಿಂಗಿನಲ್ಲಿ ಅದನ್ನು ಕಲಿಸಲು ತೇನ್‌ಸಿಂಗರಿಗಿಂತ ಅರ್ಹರು ಯಾರಿದ್ದರು? ಎವರೆಸ್ಟನ್ನು ಗೆದ್ದದ್ದು ಅವರ ಏಳನೆಯ ಯಾತ್ರೆಯಲ್ಲಿ. ಅದಕ್ಕೆ ಮುನ್ನ ಆರು ಬಾರಿ ಅದರಿಂದ ಹಿಂದಿರುಗಿದ್ದರು. 1952ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ರೇಮಂಡ್ ಲ್ಯಾಂಬರ್ಟ್ ಜೊತೆ 28,200 ಅಡಿಯವರೆಗೆ ಏರಿದ್ದರು; ಉಳಿದಿದ್ದುದು ಸುಮಾರು ಎಂಟುನೂರು ಅಡಿ. ಮುಂದೆ ಹೋದರೆ ಮರಳಲಾರೆವೆಂದು ತಿಳಿದು ಇಬ್ಬರೂ ಇಳಿದುಬಂದರು. ಮರುವರ್ಷ ಮೇ 26ರಂದು ಚಾರ್ಲ್ಸ್ ಇವಾನ್ಸ್ ಮತ್ತು ಟಾಮ್ ಬೋರ್ಡಿಲನ್ ಶಿಖರಕ್ಕೆ ಇನ್ನು ಮುನ್ನೂರು ಅಡಿಯಷ್ಟು ಉಳಿದಿರುವಾಗ, ಹೊತ್ತು ಮೀರಿದುದನ್ನೂ ಆಮ್ಲಜನಕ ಸಾಲದಿರುವುದನ್ನೂ ಕಂಡು ಹಿಂದಿರುಗಿದರು. ದಾರಿಯಲ್ಲಿ ಅವರು ಬಿಟ್ಟುಬಂದ ಎರಡು ಆಮ್ಲಜನಕದ ಸಿಲಿಂಡರುಗಳೇ ಮೂರು ದಿನಗಳ ತರುವಾಯ ಶಿಖರದಿಂದ ಇಳಿದ ಹಿಲರಿ ಮತ್ತು ತೇನ್‌ಸಿಂಗರಿಗೆ ಉಸಿರಾದವು. ಸೋತು ಇಳಿದವರು ಗೆದ್ದವರನ್ನು ಮನೆಗೆ ಕಳಿಸಿದರೆನ್ನಬಹುದು.

ಪಾಠ ಕಲಿತವರಿಗೆ ಅಪಾಯವೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಡಾರ್ಜಿಲಿಂಗಿನ ಮೊದಲ ಪ್ರಾಂಶುಪಾಲ ಜಯಾಲ್ ಅವರೇ 1958ರಲ್ಲಿ ಚೋ ಓಯು ಪರ್ವತದ ಯಾತ್ರೆಯಲ್ಲಿ ತೀರಿಕೊಂಡರು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದ ಬಳಿ, ಪ್ರಾರಂಭಿಕ ಶಿಕ್ಷಣವನ್ನು ಮುಗಿಸಿ ಉನ್ನತ ತರಬೇತಿ ಪಡೆಯುತ್ತಿದ್ದ ತಂಡ ಹಿಮಕುಸಿತಕ್ಕೆ ಸಿಕ್ಕಿತು. 27 ಮಂದಿಯ ದೇಹಗಳು ದೊರೆತವು, ಇಬ್ಬರು ಪತ್ತೆಯಾಗಲಿಲ್ಲ. ಶಿಕ್ಷಕರೂ ವಿದ್ಯಾರ್ಥಿಗಳೂ ಅವರಲ್ಲಿದ್ದರು. ಪರ್ವತ ಯಾರಿಗೂ ಮಾತು ಕೊಟ್ಟಿಲ್ಲ. ಶಿಕ್ಷಣ ಅಪಾಯವನ್ನು ಇಲ್ಲವಾಗಿಸುವುದಿಲ್ಲ. ಅಜ್ಞಾನದಿಂದ ಬರುವ ಅಪಾಯವನ್ನು ದೂರಮಾಡುತ್ತದೆ, ಉಳಿದುದನ್ನು ಕಣ್ಣಿಗೆ ಕಾಣಿಸುತ್ತದೆ. ಮಕ್ಕಳನ್ನು ಕಳಿಸುವ ತಂದೆತಾಯಿಗಳು ಇದನ್ನು ತಿಳಿದೇ ಒಪ್ಪಬೇಕು. ಯಾವ ತರಬೇತಿಯೂ ಇಲ್ಲದೆ ಗೆಳೆಯರ ಗುಂಪು ಕಟ್ಟಿಕೊಂಡು ಹೊರಡುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದನ್ನೂ ನೆನೆಯಬೇಕು.

ಹಿಮಾಲಯಕ್ಕೆ ಹೋಗುವ ಮೊದಲು ಮನೆಯ ಹತ್ತಿರವೇ ಅಭ್ಯಾಸ ಮಾಡಬಯಸುವವರಿಗೆ ಕರ್ನಾಟಕದಲ್ಲಿ ಬಂಡೆಗಳ ಕೊರತೆಯಿಲ್ಲ. ರಾಮನಗರದ ಕಲ್ಲುಬೆಟ್ಟಗಳು, ಸಾವನದುರ್ಗ, ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳು ಆರೋಹಿಗಳಿಗೆ ಚಿರಪರಿಚಿತ. ಕೊಡಗಿನ ವೀರರಾದ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯೂ ರಾಜ್ಯದಲ್ಲಿದೆ. ಶಿಬಿರಕ್ಕೆ ಸೇರುವ ಮುನ್ನ ಎರಡು ಮೂರು ತಿಂಗಳಾದರೂ ಓಡಿ, ಭಾರ ಹೊತ್ತು ಮೆಟ್ಟಿಲು ಹತ್ತಿ ಮೈ ಪಳಗಿಸಬೇಕು. ವೈದ್ಯರ ಪರೀಕ್ಷೆಯಲ್ಲಿ ಹಳೆಯ ಕಾಯಿಲೆಗಳನ್ನು ಬಚ್ಚಿಡಬಾರದು. ಹೊಸ ಬೂಟನ್ನು ಶಿಬಿರದಲ್ಲಿ ಮೊದಲ ಬಾರಿಗೆ ತೊಡುವುದು ಕಾಲಿಗೆ ಬೊಕ್ಕೆ ಬರಿಸಿಕೊಳ್ಳುವ ಸುಲಭೋಪಾಯ. ಶಿಬಿರದ ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ದರ್ಜೆ ಕೊಡುತ್ತಾರೆ. ಎ ದರ್ಜೆ ಪಡೆದವರಿಗೆ ಮಾತ್ರ ಉನ್ನತ ತರಬೇತಿಯ ಬಾಗಿಲು ತೆರೆಯುತ್ತದೆ. ಮಗಳು ಶಿಕ್ಷಕಿಯಾದರೆ ಸಾಕೆಂದು ಮನೆಯವರು ಬಯಸಿದ್ದ ಬಚೇಂದ್ರಿ ಪಾಲ್ ಉತ್ತರಕಾಶಿಯಲ್ಲಿ ಹೀಗೆಯೇ ಮೊದಲ ಗಂಟು ಕಲಿತವರು. 1984ರ ಮೇ 23ರಂದು ಅವರು ಎವರೆಸ್ಟನ್ನೇರಿದ ಮೊದಲ ಭಾರತೀಯ ಮಹಿಳೆಯಾದರು.

ಆದರೆ ಎಲ್ಲರೂ ಎವರೆಸ್ಟಿಗೆ ಹೋಗಬೇಕಾಗಿಲ್ಲ, ಹೋಗುವುದೂ ಇಲ್ಲ. ಬಹುಮಂದಿ ಇಪ್ಪತ್ತೆಂಟು ದಿನ ಮುಗಿಸಿ, ಮುಖದ ಚರ್ಮ ಸುಲಿದು, ಎರಡು ಮೂರು ಸೇರು ಇಳಿದು, ತಮ್ಮ ಕಾಲೇಜಿಗೋ ಕಚೇರಿಗೋ ಮರಳುತ್ತಾರೆ. ಹಾಗೆ ಮರಳಿದ ಮೊಮ್ಮಗಳನ್ನು ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು, ಕೆನ್ನೆ ಸವರಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳದಿರುವಳೆ? “ಜಾರಿದೆಯೇನೇ? ಹಿಡಿದುಕೊಂಡರೇ ಯಾರಾದರೂ?”

“ಜಾರಿದೆ ಅಜ್ಜಿ. ಹಗ್ಗ ಕಾಯುತ್ತಿದ್ದವಳು ಹಿಡಿದಳು,” ಎಂದು ಹುಡುಗಿ ಹೇಳುತ್ತಾಳೆ. ಆಮೇಲೆ, ಒಂದು ಕ್ಷಣ ತಡೆದು: “ಅವಳು ಜಾರಿದಾಗ ನಾನು ಹಿಡಿದೆ.”

ಅಜ್ಜಿ ಮತ್ತೇನೂ ಕೇಳುವುದಿಲ್ಲ. ಮೊಮ್ಮಗಳ ಅಂಗೈಯನ್ನು ತಿರುಗಿಸಿ, ಹಗ್ಗ ಉಜ್ಜಿ ಗಟ್ಟಿಯಾದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ.